ಉಸುಕು, ಉಲ್ಲನ್

ನಸುಕಿನ ನಾಲ್ಕಕ್ಕೆ ಆಟೋ ಬಂತು.
ದಾವಣಗೆರೆಯ ದೊಡ್ಡಾಸ್ಪತ್ರೆಗೆ ಆ ಹೊತ್ತಿನಲ್ಲಿ ಬರುವವರು ಎರಡೇ ಬಗೆ:
ಹೈವೇದವರು, ಭಟ್ಟಿಯವರು.
ಹೈವೇದವರು ಕೂಗುವುದಿಲ್ಲ, ಅವರ ಪರವಾಗಿ ಬೇರೆಯವರು ಕೂಗುತ್ತಾರೆ.
ಭಟ್ಟಿಯವರು ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ.

ಗೌಸಿಯಾ ಚಪ್ಪಲಿ ಬಿಟ್ಟಳು.
ಬಲಗೈ ಮುಂದೆ ಚಾಚಿಕೊಂಡಿದ್ದಳು,
ಬೇರೆ ಯಾರದೋ ಕೈ ವಾಪಸು ಕೊಡಲು ಬಂದವಳಂತೆ.
ಮೊಣಕೈತನಕ ಉಸುಕು.
ಮಂಡಕ್ಕಿ ಅರಳಿಸುವ ಉಸುಕು ಕೆಂಡದ ಹಾಗೆ ಹೊಳೆಯುವುದಿಲ್ಲ,
ನೋಡಿದರೆ ಬರೀ ಮಣ್ಣು.
ತೋಳಿನ ಮಡಿಕೆಯಲ್ಲಿ ಒಂದು ಕಾಳು
ಹಾಗೇ ಅರಳಿ ಕೂತಿತ್ತು.

'ಏನು ಹಚ್ಚಿದ್ರಿ?' ಅಂದೆ.
ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಮೊದಲ ಪ್ರಶ್ನೆ.
ಪೇಸ್ಟು ಹಚ್ಚಿರುತ್ತಾರೆ, ಇಂಕು ಸುರಿದಿರುತ್ತಾರೆ,
ಒಬ್ಬ ದೋಸೆ ಹಿಟ್ಟು ಬಳಿದುಕೊಂಡು ಬಂದಿದ್ದ.
ಅದನ್ನು ಕೀಳುವಾಗ ತೊಗಲೂ ಬರುತ್ತದೆ, ನನ್ನ ಬಾಯಿಂದ ಬೈಗುಳವೂ.
'ಏನೂ ಇಲ್ಲ ಸಾರ್. ನೀರು. ಬರೀ ನೀರು.
ಇವಳು ಬಿಡಲಿಲ್ಲ.'

ಇವಳು ಹಿಂದೆ ನಿಂತಿದ್ದಳು,
ಕುಳ್ಳಗೆ, ಕಂದು ಜಾಕೀಟು, ಎಡಗೈ ಜೇಬಿನಲ್ಲಿ.
ಎಲ್ಲರಿಗೂ ಗೊತ್ತಿರುವ ಮುಖ, ಯಾರಿಗೂ ಗೊತ್ತಿರದ ಹೆಸರು.
ದೀಪಾವಳಿ ಕಳೆದ ವಾರಕ್ಕೆ ಹೈಸ್ಕೂಲ್ ಮೈದಾನದ ಪಕ್ಕ
ಹಗ್ಗಕ್ಕೆ ಸ್ವೆಟರು ತೂಗುಹಾಕುವ ಸಾಲಿನಲ್ಲಿ ಮೂರನೆಯವಳು.
ನನ್ನ ಮಗಳ ಟೋಪಿ ಅವಳ ಹತ್ತಿರವೇ ಕೊಂಡದ್ದು,
ಇಪ್ಪತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡಿ.
ಸಂಕ್ರಾಂತಿವರೆಗೆ ಭಟ್ಟಿ ಓಣಿಯಲ್ಲೇ ಕೋಣೆಯಂತೆ,
ಹೊಗೆ ಇದ್ದಲ್ಲಿ ಬಾಡಿಗೆ ಕಡಿಮೆ.

ಆಟೋ ಹಾಲೇಶಿಗೆ ಹೇಳದೆ ಇರಲಾಗಲಿಲ್ಲ:
'ಕೂಗು ಕೇಳಿದ್ದೇ ಓಡಿ ಬಂದ್ಲು ನೋಡ್ರಿ.
ಯಾರೋ ಇಂಕು ತಂದ, ಅವನ್ನ ದಬ್ಬಿದ್ಲು.
ಡ್ರಮ್ಮಿನ ಮೇಲೆ ತಗಡು, ತಗಡಿನ ಮೇಲೆ ಕಲ್ಲು,
ಕಲ್ಲು ಸಮೇತ ಕಿತ್ತು ಒಗದ್ಲು.
ಚೊಂಬಿನ ಮೇಲೆ ಚೊಂಬು, ಇಪ್ಪತ್ತು ನಿಮಿಷ.
ನಾನು ಗಾಡಿ ಚಾಲೂ ಮಾಡಿ ನಿಂತ್ರೂ ಹತ್ತಗೊಡಲಿಲ್ಲ.
ಗಡಿಯಾರ ನೋಡ್ತಿದ್ಲು ಸಾರ್, ಗಡಿಯಾರ!'

ಸಲೈನು ಬಿಟ್ಟು ಉಸುಕು ತೊಳೆದೆ.
ಗೌಸಿಯಾ ಹಲ್ಲು ಕಚ್ಚಿ ಮೇಲಿನ ಫ್ಯಾನು ಎಣಿಸಿದಳು,
ಇದ್ದದ್ದು ಒಂದೇ, ಮತ್ತೆ ಮತ್ತೆ ಎಣಿಸಿದಳು.
ಬಿಳಿ ಮುಲಾಮು, ಸಡಿಲ ಪಟ್ಟಿ, ಟಿಟಿ ಸೂಜಿ.
ಆಮೇಲೆ ನೆಲ ನೋಡಿದೆ.

ಜಾಕೀಟಿನ ಕೆಳಗೆ ಒಂದು ಹನಿ.
ಅದರ ಪಕ್ಕ ಇನ್ನೊಂದು.
'ಅಕ್ಕಾ, ಆ ಕೈ ತೆಗಿ.'
'ಮೊದಲು ಅವಳದು ಮುಗೀಲಿ.'
'ಮುಗೀತು.'
ತೆಗೆದಳು.

ಅಂಗೈಗೆ ಉಲ್ಲನ್ ಸುತ್ತಿದ್ದಳು, ಪೂರಾ ಒಂದು ಉಂಡೆ,
ಕೆಂಪು ಉಲ್ಲನ್.
ಯಾವುದು ಬಣ್ಣ, ಯಾವುದು ಅವಳು,
ಟ್ಯೂಬ್‌ಲೈಟಿನಡಿ ತಿಳಿಯಲಿಲ್ಲ.
ನೆನೆಸಿ, ಒಂದೊಂದೇ ಎಳೆ ಬಿಡಿಸಿದೆ.
ಹೆಬ್ಬೆರಳ ಬುಡದಿಂದ ಮಣಿಕಟ್ಟಿನತನಕ
ತಗಡು ತನ್ನ ಕೆಲಸ ಮಾಡಿತ್ತು.

ಡ್ಯೂಟಿ ಡಾಕ್ಟರು ಹೊಸಬ. ಒಂಬತ್ತು ಹೊಲಿಗೆ ಹಾಕಿದ.
ಅವಳು ಮುಖ ತಿರುಗಿಸಲಿಲ್ಲ, ಬಗ್ಗಿ ನೋಡುತ್ತಲೇ ಇದ್ದಳು.
'ಎಂಟನೇದು ಸಡಿಲ ಆತು,' ಅಂದಳು.
ಡಾಕ್ಟರು ನಕ್ಕ. ನೋಡಿದ. ಬಿಚ್ಚಿ ಮತ್ತೆ ಹಾಕಿದ.

ಕಂಪ್ಯೂಟರಿನ ಹುಡುಗ ನಿದ್ದೆಗಣ್ಣಲ್ಲಿ ಕೇಳಿದ:
ಹೆಸರು?
ಯಾಂಗ್ಜೋಮ್.
ಊರು?
'ಮುಂಡಗೋಡ. ಕ್ಯಾಂಪು ಆರು.'
'ಅದು ಕ್ಯಾಂಪಾಯ್ತು. ಸ್ವಂತ ಊರು?'
ಅವಳು ಹೊಲಿಗೆ ಹಾಕಿದ ಕೈ ನೋಡಿಕೊಂಡಳು.
'ನಮ್ಮಪ್ಪ ಬೆಟ್ಟ ದಾಟಿ ಬರುವಾಗ
ಕಾಲ್ಬೆರಳು ಮೂರು ಹಿಮದಾಗ ಕಪ್ಪಾಗಿ ಉದುರಿದ್ವು.
ಆ ಊರಿನ ಬಗ್ಗೆ ನನಗೆ ಗೊತ್ತಿರೋದು ಅಷ್ಟೇ.'
ಹುಡುಗ ಕೀಲಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದ.
ನಾನು ಟ್ರೇ ಒರೆಸುತ್ತಿದ್ದೆ.

'ಇಪ್ಪತ್ತು ನಿಮಿಷ ಅಂತ ಯಾರು ಹೇಳಿಕೊಟ್ರು?'
ಕೇಳಬಾರದಿತ್ತು.
'ನನ್ನ ಮಗನಿಗೆ ಬೆಣ್ಣೆ ಹಚ್ಚಿದ್ದೆ,' ಅಂದಳು.
ಗೌಸಿಯಾ ಬೆಂಚಿನ ಮೇಲೆ ಜರುಗಿ ಜಾಗ ಮಾಡಿದಳು.

ಬೆಳಕು ಹರಿದ ಮೇಲೆ ಅದೇ ಆಟೋ ಹತ್ತಿದರು.
ಇಬ್ಬರಿಗೂ ಸೇರಿ ಎರಡು ಕೈ ನೆಟ್ಟಗಿದ್ದವು,
ಒಂದು ಚೀಟಿ ಹಿಡಿಯಿತು, ಇನ್ನೊಂದು ಕಂಬಿ.
ಹೊಲಿಗೆ ಬಿಚ್ಚುವ ದಿನ ಸಂಕ್ರಾಂತಿ ಆಚೆಗೆ ಬೀಳುತ್ತದೆ,
ಆಗ ಹಗ್ಗ ಬಿಚ್ಚಿರುತ್ತಾರೆ, ಮೈದಾನದ ಗೋಡೆ ಖಾಲಿ.
ಕಾರ್ಡಿನ ಮೇಲೆ ಬರೆದುಕೊಟ್ಟೆ: ಯಾವ ಆಸ್ಪತ್ರೆಯಾದರೂ ಸರಿ.

ಪಾಳಿ ಮುಗಿಸುವ ಮುಂಚೆ ಇಕ್ಕಳ ಕುದಿಸಲಿಟ್ಟೆ.
ಹಲ್ಲಿನ ಸಂದಿಯಲ್ಲಿ ಎಳೆಯೊಂದು ಸಿಕ್ಕಿತ್ತೇನೋ,
ನೀರು ಮೆಲ್ಲಗೆ ಕೆಂಪಾಯಿತು.
ಉಲ್ಲನ್ ಬಣ್ಣವೇ ಇರಬೇಕು ಅಂದುಕೊಂಡು
ಚೆಲ್ಲಿ, ಬೇರೆ ನೀರಿಟ್ಟೆ.